ಒಬ್ಬರ ಸಾಲ, ಇಬ್ಬರ ಖಾತೆ

ನಮ್ಮ ಮಡಂತ್ಯಾರು ಸುತ್ತಿನ ಹಳ್ಳಿಗಳಲ್ಲಿ ಈಗ ಪಾಸ್‌ಪುಸ್ತಕ ಇಲ್ಲದ ಮನೆ ಇಲ್ಲ. ಹಾಲಿನ ಹಣ, ಬೀಡಿಯ ಮಜೂರಿ, ಗೇರುಬೀಜದ ಹಣ, ಸರಕಾರದ ಸಹಾಯಧನ ಎಲ್ಲವೂ ಬ್ಯಾಂಕಿಗೇ ಬೀಳುತ್ತದೆ. ಹೆಚ್ಚಿನ ಮನೆಗಳಲ್ಲಿ ಒಂದು ಜಂಟಿ ಖಾತೆ ಉಂಟು. ಗಂಡನ ಹೆಸರು ಮೊದಲು, ಹೆಂಡತಿಯದ್ದು ಎರಡನೆಯದು. ಯಾರಾದರೂ ಒಬ್ಬರು ಹೋದರೆ ಹಣ ಸಿಗುತ್ತದೆ ಎಂಬ ಅನುಕೂಲಕ್ಕೆ ಮಾಡಿಸಿದ್ದು. ಮನೆಯಲ್ಲಿ ಒಬ್ಬರ ತಲೆಯ ಮೇಲೆ ಸಾಲ ಬಂದು ವಸೂಲಿಗೆ ಜನ ಬಂದಾಗ ಆ ಹಣದ ಗತಿ ಏನು ಎಂಬುದನ್ನು ಮೊದಲೇ ಕೇಳಿ ತಿಳಿದವರು ಕಡಿಮೆ.

ನನ್ನದು ನೀರಿನ ಆಸರೆ ಇಲ್ಲದ ಜಾಗ. ಗುಡ್ಡೆಯಲ್ಲಿ ಗೇರು, ಬೆಟ್ಟುಗದ್ದೆಯಲ್ಲಿ ಮಳೆಗಾಲದ ಒಂದು ಬೆಳೆ, ಕೊಟ್ಟಿಗೆಯಲ್ಲಿ ಎರಡು ದನ. ನಮ್ಮಂಥವರಿಗೆ ವರ್ಷದಲ್ಲಿ ಹಣ ಕಾಣುವುದು ಮೂರು ತಿಂಗಳು, ಖರ್ಚು ಹನ್ನೆರಡು ತಿಂಗಳು. ಮಧ್ಯೆ ಸಾಲ ಮಾಡದೆ ಆಗುವುದಿಲ್ಲ. ಹಾಗಾಗಿ ಈ ವಿಷಯವನ್ನು ಬ್ಯಾಂಕಿನವರ ಹತ್ತಿರ, ಇಬ್ಬರು ವಕೀಲರ ಹತ್ತಿರ ಕೇಳಿ ತಿಳಿದುಕೊಂಡೆ. ನನಗೆ ಅರ್ಥವಾದಷ್ಟನ್ನು ನಮ್ಮ ಭಾಷೆಯಲ್ಲಿ ಬರೆಯುತ್ತೇನೆ.

ಎರಡು ಹೆಸರು ಎಂದರೆ ಏನರ್ಥ

ಜಂಟಿ ಖಾತೆ ತೆರೆಯುವಾಗ ಅರ್ಜಿಯಲ್ಲಿ ಒಂದು ಕಡೆ ಗುರುತು ಹಾಕಲು ಹೇಳುತ್ತಾರೆ. ‘ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿ ಉಳಿದವರು’ ಎಂದಿದ್ದರೆ ಒಬ್ಬರ ಸಹಿ ಸಾಕು. ‘ಇಬ್ಬರೂ ಸೇರಿ’ ಎಂದಿದ್ದರೆ ಇಬ್ಬರ ಸಹಿಯೂ ಬೇಕು. ನಮ್ಮ ಕಡೆ ನೂರಕ್ಕೆ ಹೆಚ್ಚು ಪಾಲು ಮೊದಲನೆಯದೇ.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಒಂದುಂಟು. ಈ ಗುರುತು ಹೇಳುವುದು ಹಣ ಯಾರು ತೆಗೆಯಬಹುದು ಎಂಬುದನ್ನು ಮಾತ್ರ. ಹಣ ಯಾರದ್ದು ಎಂಬುದನ್ನು ಹೇಳುವುದಿಲ್ಲ. 1928ರಲ್ಲಿ, ಬ್ರಿಟಿಷರ ಕಾಲದಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲ್ ಗುರನ್ ದಿತ್ತಾ ಎಂಬ ಮೊಕದ್ದಮೆಯಲ್ಲಿ ಇದನ್ನೇ ತೀರ್ಮಾನಿಸಿತು. ಗಂಡ ತನ್ನ ಹಣವನ್ನು ತನ್ನ ಮತ್ತು ಹೆಂಡತಿಯ ಹೆಸರಿನಲ್ಲಿ ಠೇವಣಿ ಇಟ್ಟಿದ್ದ. ಹೆಸರು ಸೇರಿಸಿದ ಮಾತ್ರಕ್ಕೆ ಅದು ಹೆಂಡತಿಗೆ ಕೊಟ್ಟ ದಾನ ಎಂದು ನಮ್ಮ ದೇಶದಲ್ಲಿ ತಿಳಿಯುವ ಹಾಗಿಲ್ಲ, ಹಣ ಹಾಕಿದವನದ್ದೇ ಹಣ ಎಂದು ತೀರ್ಪಾಯಿತು.

ಈ ಮಾತು ಎರಡೂ ಕಡೆಗೆ ಹರಿತ. ಖಾತೆಯಲ್ಲಿರುವುದು ಗಂಡ ದುಡಿದ ಹಣವಾದರೆ, ಹೆಂಡತಿಯ ಹೆಸರು ಉಂಟೆಂದು ಸಾಲಗಾರರನ್ನು ತಡೆಯಲಾಗದು. ಅದೇ ರೀತಿ ಹೆಂಡತಿ ಬೀಡಿ ಕಟ್ಟಿ, ಹಾಲು ಹಾಕಿ ಉಳಿಸಿದ ಹಣವಾದರೆ, ಗಂಡನ ಹೆಸರು ಮೊದಲು ಉಂಟೆಂದು ಅದು ಗಂಡನದ್ದಾಗುವುದಿಲ್ಲ. ಆದರೆ ತೋರಿಸಲು ದಾಖಲೆ ಬೇಕು. ಈ ಲೇಖನದ ಸಾರವೇ ಅದು.

ಇನ್ನೊಂದು ಗೊಂದಲ ನಾಮಿನಿಯದ್ದು. ನಾಮಿನಿ ಅಂದರೆ ಖಾತೆದಾರ ತೀರಿಕೊಂಡರೆ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವ ವ್ಯಕ್ತಿ. ಅವರು ಖಾತೆಯ ಪಾಲುದಾರರಲ್ಲ. ಮನೆಯ ಒಬ್ಬರಿಗೆ ಹಣ ಸಿಗಬೇಕು ಎಂಬುದಷ್ಟೇ ನಿಮ್ಮ ಉದ್ದೇಶವಾದರೆ ನಾಮಿನಿ ಮಾಡಿದರೆ ಸಾಕು, ಜಂಟಿ ಖಾತೆಯೇ ಆಗಬೇಕೆಂದಿಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಮಂದಿಯವರೆಗೆ ನಾಮಿನಿ ಮಾಡಲು ಅವಕಾಶ ಬಂದಿದೆ.

ಮದುವೆಯಾದ ಮಾತ್ರಕ್ಕೆ ಸಾಲದ ಹೊಣೆ ಇಲ್ಲ

‘ಗಂಡನ ಸಾಲ ಹೆಂಡತಿ ತೀರಿಸಲೇಬೇಕು’ ಎಂದು ವಸೂಲಿಗೆ ಬರುವವರು ಗಟ್ಟಿ ಸ್ವರದಲ್ಲಿ ಹೇಳುತ್ತಾರೆ. ಅದು ಸರಿಯಲ್ಲ. ಸಾಲದ ಕಾಗದದಲ್ಲಿ ಯಾರ ಸಹಿ ಉಂಟೋ ಅವರದ್ದೇ ಹೊಣೆ. ಹೆಂಡತಿ ಜೊತೆ ಸಾಲಗಾರಳಾಗಿ ಅಥವಾ ಜಾಮೀನುದಾರಳಾಗಿ ಸಹಿ ಹಾಕದಿದ್ದರೆ ಅವಳ ಸ್ವಂತ ಹಣಕ್ಕೆ, ಸ್ವಂತ ಚಿನ್ನಕ್ಕೆ ಗಂಡನ ಸಾಲ ತಗಲುವುದಿಲ್ಲ. ಹೆಂಡತಿ ಮಾಡಿದ ಸಾಲ ಗಂಡನಿಗೂ ಹಾಗೆಯೇ.

ನಮ್ಮ ಜಿಲ್ಲೆಗೆ ಇದು ಹೊಸ ಮಾತೇನಲ್ಲ. ಹಿಂದೆ ಬಂಟರು, ಬಿಲ್ಲವರು ಮುಂತಾದವರಲ್ಲಿ ಅಳಿಯಸಂತಾನ ಕಟ್ಟು ಇತ್ತು. ಹೆಂಡತಿ ಮತ್ತು ಮಕ್ಕಳು ಒಂದು ಕುಟುಂಬ, ಗಂಡ ಅವನ ತಾಯಿಯ ಕುಟುಂಬ. ಗಂಡ ಎಷ್ಟು ಸಾಲ ಮಾಡಿದರೂ ಹೆಂಡತಿಯ ಕುಟುಂಬದ ಗದ್ದೆಗೆ ಯಾರೂ ಕೈ ಹಾಕುವಂತಿರಲಿಲ್ಲ. 1949ರಲ್ಲಿ ಮದ್ರಾಸ್ ಸರಕಾರ ಇದಕ್ಕೊಂದು ಕಾಯಿದೆಯನ್ನೂ ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಆ ಕ್ರಮ ಬದಲಾಯಿತು. ಆದರೆ ಅದೇ ಕಾಯಿದೆಯ 14ನೇ ಕಲಮು, ಹಿಂದೂ ಹೆಂಗಸಿನ ಕೈಯಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದು ಹೇಳಿತು. ಕ್ರೈಸ್ತ ಮನೆಗಳಿಗೆ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆ ಉಂಟು. ಮದುವೆಯಾದ ಹೆಂಗಸು ತಾನು ದುಡಿದು ಗಳಿಸಿದ್ದು ಅವಳದ್ದೇ ಪ್ರತ್ಯೇಕ ಆಸ್ತಿ ಎಂದು ಅದು ಹೇಳುತ್ತದೆ. ಮುಸ್ಲಿಂ ಕಾನೂನಿನಲ್ಲಿಯೂ ಗಂಡ ಹೆಂಡತಿಯರ ಆಸ್ತಿ ಬೇರೆ ಬೇರೆಯೇ.

ಅಂದ ಮೇಲೆ ಯಾವ ಮನೆಯಾದರೂ ಕಾನೂನು ಹೆಂಗಸಿನ ಹಣವನ್ನು ಬೇರೆಯಾಗಿ ನೋಡುತ್ತದೆ. ಅದನ್ನು ಬೆರೆಸುವವರು ನಾವು, ಒಂದೇ ಪಾಸ್‌ಪುಸ್ತಕದಲ್ಲಿ.

ಖಾತೆಗೆ ಕೈ ಹಾಕುವ ಮೂರು ದಾರಿ

ಒಂದು: ಸಾಲ ಕೊಟ್ಟ ಬ್ಯಾಂಕೇ ಹಣ ಜಮಾ ಮಾಡಿಕೊಳ್ಳುವುದು. ನಿಮ್ಮ ಸಾಲ ಮತ್ತು ನಿಮ್ಮ ಉಳಿತಾಯ ಖಾತೆ ಒಂದೇ ಬ್ಯಾಂಕಿನಲ್ಲಿದ್ದು, ಕಂತು ಬಾಕಿ ಇದ್ದರೆ ಬ್ಯಾಂಕು ಖಾತೆಯ ಹಣವನ್ನು ಸಾಲಕ್ಕೆ ವಜಾ ಹಾಕಬಹುದು. ಇದಕ್ಕೊಂದು ನಿಯಮ ಉಂಟು. ಸಾಲ ಯಾರ ಹೆಸರಿನಲ್ಲಿ ಉಂಟೋ ಖಾತೆಯೂ ಅವರ ಹೆಸರಿನಲ್ಲೇ ಇರಬೇಕು. ಗಂಡ ಒಬ್ಬನೇ ತೆಗೆದ ಸಾಲಕ್ಕೆ ಗಂಡ ಹೆಂಡತಿಯ ಜಂಟಿ ಖಾತೆಯಿಂದ, ಹೆಂಡತಿಯ ಒಪ್ಪಿಗೆ ಇಲ್ಲದೆ, ವಜಾ ಹಾಕುವಂತಿಲ್ಲ. ಆದರೆ ಸಾಲವೇ ಇಬ್ಬರ ಹೆಸರಿನಲ್ಲಿದ್ದರೆ ಜಂಟಿ ಖಾತೆಯೂ ಸಿಗುತ್ತದೆ, ಒಬ್ಬೊಬ್ಬರ ಸ್ವಂತ ಖಾತೆಯೂ ಸಿಗುತ್ತದೆ. ಏಕೆಂದರೆ ಸಾಲದ ಕಾಗದದಲ್ಲಿ ‘ಒಟ್ಟಾಗಿಯೂ ಬೇರೆಬೇರೆಯಾಗಿಯೂ ಹೊಣೆ’ ಎಂದು ಬರೆಸಿಕೊಂಡಿರುತ್ತಾರೆ.

ಇಲ್ಲಿ ನಮ್ಮ ಜಿಲ್ಲೆಯವರು ಗಮನಿಸಬೇಕಾದ ಒಂದು ವಿಷಯ ಉಂಟು. ದಕ್ಷಿಣ ಕನ್ನಡ, ಉಡುಪಿ ಬ್ಯಾಂಕುಗಳ ತವರು. ಒಬ್ಬೊಬ್ಬರಿಗೆ ಮೂರು ಮೂರು ಬ್ಯಾಂಕಿನಲ್ಲಿ ಖಾತೆ ಇತ್ತು. 2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕು ಬ್ಯಾಂಕ್ ಆಫ್ ಬರೋಡಕ್ಕೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಸಾಲ ಕೆನರಾದಲ್ಲಿ, ಉಳಿತಾಯ ಸಿಂಡಿಕೇಟಿನಲ್ಲಿ ಎಂದು ಬೇರೆ ಇಟ್ಟುಕೊಂಡಿದ್ದವರಿಗೆ ಈಗ ಎರಡೂ ಒಂದೇ ಬ್ಯಾಂಕು. ಹಳೆಯ ಪಾಸ್‌ಪುಸ್ತಕಗಳನ್ನು ಒಮ್ಮೆ ತೆಗೆದು, ಯಾವ ಖಾತೆ ಈಗ ಎಲ್ಲಿ ಉಂಟೆಂದು ನೋಡಿಕೊಳ್ಳುವುದು ಒಳ್ಳೆಯದು.

ಎರಡು: ಕೋರ್ಟಿನ ಜಪ್ತಿ. ಕೈಸಾಲ ಕೊಟ್ಟವರು, ಫೈನಾನ್ಸಿನವರು ದಾವೆ ಹೂಡಿ ಡಿಕ್ರಿ ಪಡೆದ ಮೇಲೆ, ಸಾಲಗಾರನಿಗೆ ಬ್ಯಾಂಕಿನಿಂದ ಬರಬೇಕಾದ ಹಣವನ್ನು ತಮಗೆ ಕೊಡಿಸಿ ಎಂದು ಕೋರ್ಟಿನಿಂದ ಬ್ಯಾಂಕಿಗೇ ಆದೇಶ ತರಬಹುದು. ಇದಕ್ಕೆ ಗಾರ್ನಿಶಿ ಆದೇಶ ಎನ್ನುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಲ್ಲಿ ಇದು ಬರುತ್ತದೆ. ಆದೇಶ ಬಂದ ಕೂಡಲೇ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ.

ಗಂಡನೊಬ್ಬನ ಮೇಲಿನ ಆದೇಶ ಜಂಟಿ ಖಾತೆಗೆ ತಗಲುತ್ತದೆಯೇ? 1938ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ಕೋರ್ಟಿನಲ್ಲಿ ಸರಿಯಾಗಿ ಇದೇ ಪ್ರಶ್ನೆ ಬಂದಿತ್ತು. ಹಿರ್ಷ್‌ಹಾರ್ನ್ ಮತ್ತು ಇವಾನ್ಸ್ ಎಂಬವರ ಮೊಕದ್ದಮೆ. ಬ್ಯಾಂಕು ಇಬ್ಬರಿಗೂ ಸೇರಿ ಹಣ ಕೊಡಬೇಕಾಗಿರುವುದು, ಒಬ್ಬನಿಗಲ್ಲ. ಆದುದರಿಂದ ಒಬ್ಬನ ಸಾಲಕ್ಕೆ ಗಂಡ ಹೆಂಡತಿಯ ಜಂಟಿ ಖಾತೆಯನ್ನು ಜಪ್ತಿ ಮಾಡಲಾಗದು ಎಂದು ತೀರ್ಪಾಯಿತು. ನಮ್ಮ ದೇಶದ ಬ್ಯಾಂಕಿಂಗ್ ಪುಸ್ತಕಗಳಲ್ಲಿಯೂ ಇದನ್ನೇ ಪಾಠ ಮಾಡುತ್ತಾರೆ. ಹಾಗೆಂದು ಇದೊಂದನ್ನೇ ನಂಬಿ ಕುಳಿತುಕೊಳ್ಳಬಾರದು. ಆದೇಶದಲ್ಲಿ ಖಾತೆಯ ನಂಬ್ರವನ್ನೇ ಬರೆದಿದ್ದರೆ ಬ್ಯಾಂಕು ಮೊದಲು ತಡೆಹಿಡಿಯುತ್ತದೆ, ವಿಚಾರ ಮತ್ತೆ. ಹಣ ನಿಜವಾಗಿ ಯಾರದ್ದೆಂದು ಕೋರ್ಟು ವಿಚಾರಿಸಿದರೆ ನೀವು ತೋರಿಸಬೇಕು.

ಸಾಲಕ್ಕೆ ಸಂಬಂಧ ಇಲ್ಲದವರು ‘ಈ ಹಣ ನನ್ನದು’ ಎಂದು ತಕರಾರು ಅರ್ಜಿ ಹಾಕಲು ಅದೇ 21ನೇ ಆದೇಶದ 58ನೇ ನಿಯಮದಲ್ಲಿ ಅವಕಾಶ ಉಂಟು. ಜಪ್ತಿ ಮಾಡಿದ ಕೋರ್ಟಿನಲ್ಲೇ ಹಾಕಬೇಕು. ಬೇಕೆಂದೇ ತಡ ಮಾಡಿದ್ದಾರೆ ಎಂದು ಕಂಡರೆ ಅರ್ಜಿ ತಗೊಳ್ಳುವುದಿಲ್ಲ. ಹಾಗಾಗಿ ಗೊತ್ತಾದ ವಾರದೊಳಗೆ ವಕೀಲರನ್ನು ಕಾಣಬೇಕು.

ಮೂರು: ತೆರಿಗೆ ಇಲಾಖೆ. ಸಣ್ಣ ಕೃಷಿಕರಿಗೆ ಇದು ದೂರದ ಮಾತು. ಆದರೆ ಮನೆಯಲ್ಲಿ ಯಾರಾದರೂ ವ್ಯಾಪಾರ, ಕಂಟ್ರಾಕ್ಟು ಮಾಡುವವರಿದ್ದರೆ ತಿಳಿದಿರಲಿ. 1961ರ ಆದಾಯ ತೆರಿಗೆ ಕಾಯಿದೆಯ 226ನೇ ಕಲಮಿನಲ್ಲಿ ಜಂಟಿ ಖಾತೆಯ ಬಗ್ಗೆ ಸ್ಪಷ್ಟವಾಗಿ ಬರೆದಿದ್ದರು. ತೆರಿಗೆ ಬಾಕಿ ಇರುವವನ ಜಂಟಿ ಖಾತೆಗೂ ನೋಟೀಸು ಕೊಡಬಹುದು. ಬೇರೆ ರುಜುವಾತು ಆಗುವ ತನಕ ಇಬ್ಬರ ಪಾಲು ಸಮ ಎಂದು ತಿಳಿಯಬೇಕು ಎಂದು. ಇಲ್ಲಿಯೂ ರುಜುವಾತು ಎಂಬ ಶಬ್ದವೇ ಮುಖ್ಯ.

ಒಂದು ಲೆಕ್ಕ ಮಾಡಿ ನೋಡುವ

ಒಂದು ಜಂಟಿ ಖಾತೆಯಲ್ಲಿ 64,000 ರೂ. ಉಂಟೆಂದು ಇಟ್ಟುಕೊಳ್ಳಿ. ಇದರಲ್ಲಿ 38,000 ಹೆಂಡತಿಯ ಹಾಲಿನ ಹಣ, 26,000 ಗಂಡನ ಗೇರುಬೀಜದ ಹಣ. ಗಂಡನ ಮೇಲೆ 50,000 ರೂ. ಡಿಕ್ರಿ ಆಗಿದೆ.

ಹೆಂಡತಿಯ ಹತ್ತಿರ ಯಾವ ದಾಖಲೆಯೂ ಇಲ್ಲ, ಪೂರಾ ಗಂಡನದ್ದೇ ಎಂದು ತೀರ್ಮಾನವಾಯಿತು ಎಂದಾದರೆ 50,000 ಹೋಗಿ 14,000 ಉಳಿಯುತ್ತದೆ. ಸಮಪಾಲು ಎಂದಾದರೆ ಗಂಡನ ಪಾಲು 32,000 ಹೋಗುತ್ತದೆ, 32,000 ಉಳಿಯುತ್ತದೆ. ಹಾಲಿನ ಸೊಸೈಟಿಯ ಚೀಟಿ ತೋರಿಸಿ ತನ್ನದು 38,000 ಎಂದು ಹೆಂಡತಿ ಸಿದ್ಧ ಮಾಡಿದರೆ 26,000 ಮಾತ್ರ ಹೋಗುತ್ತದೆ. ಅವಳ ಹಣ ಮೊದಲಿನಿಂದಲೇ ಅವಳ ಒಬ್ಬಳ ಖಾತೆಯಲ್ಲಿ ಇದ್ದಿದ್ದರೆ? ಅದೇ 38,000 ಉಳಿಯುತ್ತಿತ್ತು. ಆದರೆ ಕೋರ್ಟಿಗೆ ಹೋಗುವ, ಬಸ್ಸಿನ, ವಕೀಲರ ಖರ್ಚು ಯಾವುದೂ ಇರುತ್ತಿರಲಿಲ್ಲ. ಹಣ ಒಂದು ದಿವಸವೂ ತಡೆಯಲ್ಲಿ ನಿಲ್ಲುತ್ತಿರಲಿಲ್ಲ.

ಆ ಕೊನೆಯ ಮಾತು ಸಣ್ಣದಲ್ಲ. ನಮ್ಮ ಊರ ಕಡೆಯ ಒಂದು ಮನೆಯಲ್ಲಿ ಆದದ್ದು ಹೇಳುತ್ತೇನೆ. ಆ ಮನೆಯಾಕೆ ಬೀಡಿ ಕಟ್ಟುತ್ತಾರೆ, ಎರಡು ದನದ ಹಾಲು ಸೊಸೈಟಿಗೆ ಹಾಕುತ್ತಾರೆ. ಮಗಳ ನರ್ಸಿಂಗ್ ಕಲಿಕೆಗೆಂದು ಐದು ವರ್ಷ ಉಳಿಸಿದ್ದರು, ಗಂಡನೊಟ್ಟಿಗಿನ ಜಂಟಿ ಖಾತೆಯಲ್ಲಿ. ಗಂಡ ಸ್ನೇಹಿತನೊಬ್ಬನ ಪಿಕಪ್ ಗಾಡಿಯ ಸಾಲಕ್ಕೆ ಜಾಮೀನು ನಿಂತಿದ್ದರು. ಸ್ನೇಹಿತ ಕಂತು ಕಟ್ಟಲಿಲ್ಲ, ಗಾಡಿಯನ್ನೂ ಎಲ್ಲಿಗೋ ಸಾಗಿಸಿದ. ಫೀಸು ಕಟ್ಟುವ ಜೂನ್ ತಿಂಗಳಲ್ಲಿ ಆಕೆ ಬ್ಯಾಂಕಿಗೆ ಹೋದಾಗ ಕೌಂಟರಿನಲ್ಲಿದ್ದವರು, “ಅಮ್ಮ, ಇದು ಕೋರ್ಟಿನಿಂದ ತಡೆ ಬಂದಿದೆ, ಒಂದು ರೂಪಾಯಿ ತೆಗೆಯಲಿಕ್ಕಾಗುವುದಿಲ್ಲ” ಅಂದರು. ಗಂಡ ಜಾಮೀನು ನಿಂತ ವಿಷಯವೇ ಆಕೆಗೆ ಗೊತ್ತಿರಲಿಲ್ಲ.

ನಮ್ಮ ಮನೆಗೆ ಬಂದು, “ಅಣ್ಣ, ನಾನು ಯಾರ ಸಾಲಕ್ಕೂ ಸಹಿ ಹಾಕಿದವಳಲ್ಲ. ನನ್ನ ಹಣ ಹೇಗೆ ಹಿಡಿದರು?” ಎಂದು ಕೇಳಿದರು. ವಕೀಲರಲ್ಲಿಗೆ ಹೋಗುವಾಗ ಒಂದು ಪುಣ್ಯ, ಆಕೆ ಬೀಡಿಯ ಪುಸ್ತಕ, ಹಾಲಿನ ಚೀಟಿ ಎಲ್ಲವನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದರು. ಪಾಸ್‌ಪುಸ್ತಕದ ಜಮೆಗೂ ಆ ಚೀಟಿಗಳಿಗೂ ತಾಳೆಯಾಯಿತು. ತಕರಾರು ಅರ್ಜಿ ಹಾಕಿ ಹಣ ಬಿಡಿಸಿಕೊಂಡರು. ಆದರೆ ಅಷ್ಟಕ್ಕೆ ನಾಲ್ಕು ತಿಂಗಳು ಹಿಡಿಯಿತು. ಜೂನ್ ತಿಂಗಳ ಫೀಸಿಗೆ ಕರಿಮಣಿಯೊಂದನ್ನು ಬಿಟ್ಟು ಉಳಿದ ಚಿನ್ನ ಅಡವು ಹೋಯಿತು. ಹಣ ಅವರದ್ದೇ ಆಗಿದ್ದರೂ ಬೇಕಾದ ದಿನ ಕೈಗೆ ಸಿಗಲಿಲ್ಲ.

ಚೆಕ್ಕಿನ ವಿಷಯ

ಕೈಸಾಲ ಕೊಡುವವರು ಈಗ ಖಾಲಿ ಚೆಕ್ಕು ಕೇಳುತ್ತಾರೆ. ಜಂಟಿ ಖಾತೆಯ ಚೆಕ್ಕುಪುಸ್ತಕದಿಂದ ಗಂಡ ಸಹಿ ಹಾಕಿ ಕೊಟ್ಟರೆ, ಚೆಕ್ಕು ಬೌನ್ಸ್ ಆದಾಗ ಹೆಂಡತಿಯ ಮೇಲೂ ಕೇಸು ಹಾಕುವುದಾಗಿ ಹೆದರಿಸುತ್ತಾರೆ. 2013ರಲ್ಲಿ ಸುಪ್ರೀಂ ಕೋರ್ಟು ಅಪರ್ಣಾ ಶಾ ಎಂಬವರ ಮೊಕದ್ದಮೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಜಂಟಿ ಖಾತೆಯ ಚೆಕ್ಕಾದರೂ ಸಹಿ ಹಾಕಿದವರ ಮೇಲೆ ಮಾತ್ರ 138ನೇ ಕಲಮಿನ ಕೇಸು ನಿಲ್ಲುತ್ತದೆ, ಸಹಿ ಹಾಕದ ಜಂಟಿ ಖಾತೆದಾರರ ಮೇಲಲ್ಲ ಎಂದು.

ಇದು ಧೈರ್ಯ ಕೊಡುವ ಮಾತು. ಆದರೆ ಆ ಚೆಕ್ಕು ಪಾಸಾದರೆ ಹಣ ಹೋಗುವುದು ಜಂಟಿ ಖಾತೆಯಿಂದಲೇ, ಅದರಲ್ಲಿ ಹೆಂಡತಿಯ ಹಣವೂ ಇರುತ್ತದೆ ಎಂಬುದನ್ನು ಮರೆಯಬಾರದು. ಜಂಟಿ ಖಾತೆಗೆ ಚೆಕ್ಕುಪುಸ್ತಕವನ್ನೇ ತೆಗೆದುಕೊಳ್ಳದಿರುವುದು ಕ್ಷೇಮ. ಖಾತೆಯಲ್ಲಿ ಒಬ್ಬರ ಸಹಿ ಸಾಕು ಎಂದಿದ್ದು ಮನಸ್ಸಿಗೆ ಸಂಶಯ ಬಂದರೆ, ‘ಇನ್ನು ಇಬ್ಬರ ಸಹಿಯೂ ಬೇಕು’ ಎಂದು ಬ್ಯಾಂಕಿಗೆ ಬರೆದುಕೊಟ್ಟು ಹಿಂಬರಹ ಪಡೆದುಕೊಳ್ಳಬಹುದು.

ಸಹಿ ಹಾಕುವ ಮೊದಲು

ಹೆಚ್ಚಿನ ಹೆಂಗಸರು ಸಿಕ್ಕಿಬೀಳುವುದು ಜಂಟಿ ಖಾತೆಯಿಂದಲ್ಲ, ಸಹಿಯಿಂದ. “ಇಲ್ಲೊಂದು ಸಹಿ ಹಾಕಮ್ಮ, ಸುಮ್ಮನೆ ಸಾಕ್ಷಿಗೆ” ಎಂದು ಹೇಳುತ್ತಾರೆ. ಸಾಕ್ಷಿ ಬೇರೆ, ಜಾಮೀನು ಬೇರೆ. 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ‘ಮೊದಲು ಅವನಲ್ಲಿ ಕೇಳಿ, ಮತ್ತೆ ನನ್ನಲ್ಲಿ ಬನ್ನಿ’ ಎಂದು ಹೇಳುವ ಹಾಗಿಲ್ಲ. ಸಹಿ ಹಾಕುವ ಜಾಗದ ಮೇಲೆ ಏನು ಬರೆದಿದೆ ಎಂದು ಓದಿಸಿ ಕೇಳಬೇಕು. ಕನ್ನಡದಲ್ಲಿ ಹೇಳಿ ಎಂದು ಕೇಳಲು ನಾಚಿಕೆ ಬೇಡ. ಸಹಿ ಹಾಕಿದ ಕಾಗದದ ಒಂದು ಪ್ರತಿ ಮನೆಗೆ ತರಬೇಕು.

ಗಂಡಸರಿಗೂ ಒಂದು ಮಾತು. ಜಾಮೀನು ನಿಲ್ಲುವುದಿದ್ದರೆ ಮನೆಯಲ್ಲಿ ಹೇಳಿ ನಿಲ್ಲಬೇಕು. ಎಮ್ಮೆ ಕೊಳ್ಳುವಾಗ ಹೆಂಡತಿಯಲ್ಲಿ ಕೇಳುತ್ತೇವೆ, ಐದು ಲಕ್ಷದ ಸಾಲಕ್ಕೆ ಜಾಮೀನು ನಿಲ್ಲುವಾಗ ಕೇಳುವುದಿಲ್ಲ. ಸ್ವಸಹಾಯ ಗುಂಪಿನಲ್ಲಿರುವ ಹೆಂಗಸರು ಸಾಲ ತೆಗೆಯುವಾಗಲೂ ಇದೇ ಕ್ರಮ. ಅದರ ಹೊಣೆ ಯಾರಿಗೆಲ್ಲ ಬರುತ್ತದೆ ಎಂದು ಮನೆಯಲ್ಲಿ ಮಾತಾಗಲಿ.

ಜಪ್ತಿಗೆ ಸಿಗದ ಸೊತ್ತು

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೃಷಿಕರೆಲ್ಲ ತಿಳಿದಿರಬೇಕಾದದ್ದು. ಹಣದ ಡಿಕ್ರಿಗೆ ಜಪ್ತಿ ಮಾಡಬಾರದ ಸೊತ್ತುಗಳ ಪಟ್ಟಿ ಅದರಲ್ಲಿದೆ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಧರ್ಮದ ಪದ್ಧತಿಯಂತೆ ಹೆಂಗಸು ಮೈಮೇಲಿನಿಂದ ತೆಗೆಯಬಾರದ ಆಭರಣ, ಕೃಷಿಕನ ಬೇಸಾಯದ ಸಾಮಾನು, ಜೀವನಕ್ಕೆ ಅಗತ್ಯವೆಂದು ಕೋರ್ಟಿಗೆ ಕಂಡಷ್ಟು ಜಾನುವಾರು, ಬಿತ್ತನೆ ಬೀಜ, ಕೃಷಿಕ ತಾನೇ ವಾಸವಿರುವ ಮನೆ, ಕೂಲಿಯವರ ಕೂಲಿ. ಭವಿಷ್ಯನಿಧಿಯ ಹಣವೂ ಈ ಪಟ್ಟಿಯಲ್ಲಿ ಉಂಟು. ಹಾಗಾಗಿ ಬೀಡಿ ಕಟ್ಟುವವರ ಪಿ.ಎಫ್. ಹಣಕ್ಕೆ, ಅದು ನಿಧಿಯಲ್ಲಿ ಇರುವ ತನಕ, ಯಾರೂ ಕೈ ಹಾಕಲಾಗದು. ಆದರೆ ಮನೆಯನ್ನೋ ಜಾಗವನ್ನೋ ನೀವೇ ಅಡವು ಬರೆದುಕೊಟ್ಟಿದ್ದರೆ ಆ ಸಾಲಕ್ಕೆ ಈ ರಕ್ಷಣೆ ನಿಲ್ಲುವುದಿಲ್ಲ.

ಅದೇ ಸಂಹಿತೆಯ 56ನೇ ಕಲಮು ಇನ್ನೊಂದು ಹೇಳುತ್ತದೆ. ಹಣದ ಡಿಕ್ರಿಗಾಗಿ ಯಾವ ಹೆಂಗಸನ್ನೂ ಬಂಧಿಸುವಂತಿಲ್ಲ. ‘ನಿನ್ನನ್ನು ಜೈಲಿಗೆ ಹಾಕಿಸುತ್ತೇವೆ’ ಎಂದು ಅಂಗಳದಲ್ಲಿ ನಿಂತು ಹೇಳುವವರಿಗೆ ಈ ಕಲಮಿನ ನಂಬ್ರ ಹೇಳಿದರೆ ಸಾಕು, ಸ್ವರ ತಗ್ಗುತ್ತದೆ.

ಗಂಡ ತನ್ನ ಜೀವವಿಮೆಯನ್ನು 1874ರ ಕಾಯಿದೆಯ 6ನೇ ಕಲಮಿನಂತೆ ಹೆಂಡತಿ ಮಕ್ಕಳ ಹಿತಕ್ಕೆಂದು ಬರೆಸಿದ್ದರೆ, ಆ ವಿಮೆಯ ಹಣ ಗಂಡನ ಸಾಲಕ್ಕೆ ಸಿಗುವುದಿಲ್ಲ. ಇದು ಹಿಂದೂಗಳಿಗೂ ಮುಸ್ಲಿಮರಿಗೂ ಅನ್ವಯಿಸುತ್ತದೆ. ಪಾಲಿಸಿ ತೆಗೆಯುವಾಗಲೇ ಅರ್ಜಿಯಲ್ಲಿ ಹೇಳಬೇಕು, ಮತ್ತೆ ಬರೆಸಲಿಕ್ಕಾಗುವುದಿಲ್ಲ.

ವಸೂಲಿಗೆ ಬರುವವರು

2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯಂತೆ, ಬಾಕಿ ಸಾಲದ ವಸೂಲಿಗೆ ಬ್ಯಾಂಕು, ಫೈನಾನ್ಸುಗಳ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ. ಬೈಯುವುದು, ಹೆದರಿಸುವುದು, ನಾಲ್ಕು ಜನರೆದುರು ಮಾನ ಕಳೆಯುವುದು, ಮನೆಯವರಿಗೆ ಉಪದ್ರ ಕೊಡುವುದು ಎಲ್ಲವೂ ನಿಷಿದ್ಧ. ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು 2025ರಲ್ಲಿ ಕರ್ನಾಟಕ ಸರಕಾರವೂ ಒಂದು ಕಾಯಿದೆ ತಂದಿದೆ. ಏಜೆಂಟರು ತಾವಾಗಿ ಯಾರ ಖಾತೆಯನ್ನೂ ಜಪ್ತಿ ಮಾಡಲಾರರು, ಅದಕ್ಕೆ ಕೋರ್ಟಿನ ಆದೇಶ ಬೇಕು. ಆದೇಶ ತೋರಿಸಿ ಎಂದು ಕೇಳಿ.

ಸರಕಾರದ ಸಹಾಯಧನದ ವಿಷಯದಲ್ಲಿಯೂ ಜಾಗ್ರತೆ ಇರಲಿ. 2024ರಲ್ಲಿ ಬರ ಪರಿಹಾರದ ಹಣವನ್ನು ಕೆಲವು ಕಡೆ ಬ್ಯಾಂಕುಗಳು ಸಾಲಕ್ಕೆ ಜಮಾ ಮಾಡಿಕೊಂಡ ದೂರು ಬಂದಾಗ, ಹಾಗೆ ಮಾಡಬಾರದೆಂದು ರಾಜ್ಯ ಸರಕಾರ ಸೂಚಿಸಿತ್ತು. ನಿಮ್ಮ ಖಾತೆಯಲ್ಲಿ ಹೀಗಾದರೆ ಮ್ಯಾನೇಜರಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿವಸದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ.

ಬಚ್ಚಿಡುವುದು ಬೇರೆ, ಬೇರೆ ಇಡುವುದು ಬೇರೆ

ಇದನ್ನೆಲ್ಲ ಓದಿ, ‘ಹಾಗಾದರೆ ನಾಳೆಯೇ ನನ್ನ ಹಣವನ್ನೆಲ್ಲ ಹೆಂಡತಿಯ ಖಾತೆಗೆ ಹಾಕಿಬಿಡುವ, ಸಾಲದವ ಏನು ಮಾಡುತ್ತಾನೆ ನೋಡುವ’ ಎಂದು ಯಾರಾದರೂ ಯೋಚಿಸಿದರೆ ಅದು ದಾರಿಯಲ್ಲ. ಸಾಲ ಬಾಕಿ ಇರುವಾಗ ಕೊಟ್ಟವರಿಗೆ ಮೋಸ ಮಾಡಲೆಂದು ಆಸ್ತಿ ವರ್ಗಾಯಿಸಿದರೆ ಕೋರ್ಟು ಅದನ್ನು ರದ್ದು ಮಾಡಬಹುದು. ತೀರ್ಪಿಗೆ ಮೊದಲೇ ಜಪ್ತಿ ಮಾಡಿಸುವ ಅವಕಾಶವೂ ಉಂಟು. ಅದಕ್ಕಿಂತ ಹೆಚ್ಚಾಗಿ, ಹಾಗೆ ಮಾಡಿದರೆ ಹೆಂಡತಿಯ ನಿಜವಾದ ಹಣಕ್ಕೂ ಸಂಶಯ ಬರುತ್ತದೆ. ಯಾವುದು ಅವಳು ದುಡಿದದ್ದು, ಯಾವುದು ಗಂಡ ತಳ್ಳಿದ್ದು ಎಂದು ಬೇರೆ ಮಾಡಲಾಗದೆ ಎಲ್ಲವೂ ಸಿಕ್ಕಿಬೀಳುತ್ತದೆ. ತೆಗೆದ ಸಾಲ ತೀರಿಸಬೇಕಾದದ್ದೇ. ತೆಗೆಯದವರ ಹಣ ಅದಕ್ಕೆ ಹೋಗಬಾರದು ಎಂಬುದಷ್ಟೇ ಇಲ್ಲಿನ ಮಾತು. ಕಂತು ಕಟ್ಟಲು ಕಷ್ಟವಾದರೆ ಬ್ಯಾಂಕಿಗೆ, ಸೊಸೈಟಿಗೆ ಹೋಗಿ ಮೊದಲೇ ಹೇಳಿ, ಅವಧಿ ಮುಂದೆ ಹಾಕಿಸಿಕೊಳ್ಳಲು ನೋಡಬೇಕು.

ಗಂಡ ತೀರಿಕೊಂಡ ಮೇಲೆ ಸಾಲ ಕೇಳಿ ಬಂದರೂ ಇದೇ ನ್ಯಾಯ. ಅವನು ಬಿಟ್ಟುಹೋದ ಆಸ್ತಿಯಷ್ಟರ ಮಟ್ಟಿಗೆ ಮಾತ್ರ ವಾರಸುದಾರರ ಹೊಣೆ. ಹೆಂಡತಿಯ ಸ್ವಂತ ಸಂಪಾದನೆಯಿಂದ ಕೊಡಬೇಕಾಗಿಲ್ಲ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಕಾರಣ ಒಂದನ್ನೇ ಹಿಡಿದು ಮಗನ ಮೇಲೆ ದಾವೆ ಹಾಕುವುದನ್ನೂ, 2005ರ ತಿದ್ದುಪಡಿಯ ನಂತರ ಮಾಡಿದ ಸಾಲಗಳಿಗೆ, ಕಾನೂನು ನಿಲ್ಲಿಸಿದೆ.

ಮನೆಯಲ್ಲಿ ಮಾಡಬಹುದಾದದ್ದು

1. ಮೂರು ಖಾತೆ ಇರಲಿ. ಗಂಡನ ಸಂಪಾದನೆ ಗಂಡನದ್ದಕ್ಕೆ, ಹೆಂಡತಿಯದ್ದು ಹೆಂಡತಿಯದ್ದಕ್ಕೆ. ಜಂಟಿ ಖಾತೆಗೆ ತಿಂಗಳ ಮನೆಖರ್ಚಿಗೆ ಬೇಕಾದಷ್ಟು ಮಾತ್ರ. ನಮ್ಮ ಮನೆಯಲ್ಲಿ ಈಗ ಹೀಗೆಯೇ ನಡೆಯುತ್ತದೆ.

2. ಹಾಲು ಹಾಕುವವರು ಹೆಂಗಸಾದರೆ ಸೊಸೈಟಿಯ ಸದಸ್ಯತನವೂ ಅವರ ಹೆಸರಿನಲ್ಲೇ ಇರಲಿ, ಬಟವಾಡೆ ಅವರ ಖಾತೆಗೇ ಬೀಳಲಿ.

3. ಸಾಲ ಇರುವ ಬ್ಯಾಂಕು ಬೇರೆ, ಮಕ್ಕಳ ಫೀಸು, ಔಷಧದ ಹಣ ಇಡುವ ಬ್ಯಾಂಕು ಬೇರೆ ಇರಲಿ.

4. ಹಾಲಿನ ಚೀಟಿ, ಬೀಡಿಯ ಪುಸ್ತಕ, ತವರಿನಿಂದ ಬಂದ ಹಣದ ಕಾಗದ, ಚಿನ್ನದ ರಸೀದಿ ಒಂದು ಕಡೆ ಇರಲಿ. ಪಾಸ್‌ಪುಸ್ತಕವನ್ನು ಮೂರು ತಿಂಗಳಿಗೊಮ್ಮೆ ಎಂಟ್ರಿ ಮಾಡಿಸಿ.

5. ಮನೆಯಲ್ಲಿ ಯಾರ ಹೆಸರಿನಲ್ಲಿ ಯಾವ ಸಾಲ, ಯಾರಿಗೆ ಜಾಮೀನು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಇಬ್ಬರಿಗೂ ಗೊತ್ತಿರಲಿ.

6. ಕೋರ್ಟಿನ, ಬ್ಯಾಂಕಿನ ನೋಟೀಸು ಬಂದರೆ ತೆಗೆದುಕೊಳ್ಳದೆ ಹಿಂದೆ ಕಳುಹಿಸಬೇಡಿ. ಒಡೆದು ಓದಿಸಿ.

7. ವಕೀಲರಿಗೆ ಕೊಡಲು ಹಣ ಇಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ಒಂದೊಂದು ಮನೆಯ ಕಾಗದಪತ್ರ ಒಂದೊಂದು ರೀತಿ ಇರುತ್ತದೆ. ಆದುದರಿಂದ ತಕರಾರು ಬಂದಾಗ ಈ ಲೇಖನ ಹಿಡಿದುಕೊಂಡು ವಾದ ಮಾಡದೆ ವಕೀಲರಲ್ಲಿಗೆ ಹೋಗಿ. ಆದರೆ ಖಾತೆ ಬೇರೆ ಮಾಡುವ ಕೆಲಸಕ್ಕೆ ವಕೀಲರು ಬೇಡ. ಆಧಾರ್ ಕಾರ್ಡು, ಎರಡು ಫೋಟೋ ಹಿಡಿದು ಗಂಡ ಹೆಂಡತಿ ಒಟ್ಟಿಗೆ ಒಂದು ಬೆಳಿಗ್ಗೆ ಪೇಟೆಗೆ ಹೋದರೆ ಆಗುವ ಕೆಲಸ. ಗೇರುಬೀಜದ ಹಣ ಬರುವ ಮೊದಲು ಮಾಡಿ ಮುಗಿಸಿದರೆ ಈ ವರ್ಷದ ಹಣವೇ ಸರಿಯಾದ ಜಾಗಕ್ಕೆ ಬೀಳುತ್ತದೆ.